ಮದ್ದಿನಂಗಡಿಯ ಕೌಂಟರಿನಿಂದ ಹದಿಹರೆಯದವರಿಗೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿವರ್ಷ ಈ ಗೋಷ್ಠಿಗೆ ಒಬ್ಬ ವೈದ್ಯರನ್ನೋ ಪ್ರಾಧ್ಯಾಪಕರನ್ನೋ ಕರೆಸುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ನನ್ನಂಥ ಮದ್ದಿನಂಗಡಿಯವನನ್ನು ಕರೆದಿದ್ದಾರೆ. "ನಾನೇನು ಮಾತಾಡಲಿ?" ಎಂದು ಕೇಳಿದೆ. "ನಿಮ್ಮ ಕೌಂಟರಿನ ಮುಂದೆ ನಮ್ಮ ಮಕ್ಕಳು ಬಂದು ಏನು ಕೇಳುತ್ತಾರೋ ಅದನ್ನೇ ಹೇಳಿ, ಸಾಕು" ಎಂದರು. ಆದುದರಿಂದ ನಾನು ವೈದ್ಯನಂತೆ ಮಾತಾಡಲು ಹೋಗುವುದಿಲ್ಲ. ಡಿ.ಫಾರ್ಮ ಓದಿ 32 ವರ್ಷ ಒಂದೇ ಪೇಟೆಯಲ್ಲಿ ಮದ್ದು ಮಾರಿದವನು ಕಂಡದ್ದನ್ನು ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಮಾತಾಡಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ.

ಸಂಜೆ ನಾಲ್ಕೂವರೆಗೆ ಶಾಲೆ ಕಾಲೇಜು ಬಿಟ್ಟ ನಂತರ ನನ್ನ ಅಂಗಡಿಯ ಮುಂದೆ ಒಂದು ಗುಂಪು ಸೇರುತ್ತದೆ. ಒಬ್ಬನ ಕೈಯಲ್ಲಿ ಖಾಲಿಯಾದ ಮಾತ್ರೆಯ ಸ್ಟ್ರಿಪ್ಪಿನ ತುಂಡು ಇರುತ್ತದೆ. "ಕಾಕಾ, ಇದೇ ಕೊಡಿ, ಹೋದ ಸಲ ಇದರಲ್ಲೇ ಕಡಿಮೆಯಾಯಿತು." ಇನ್ನೊಬ್ಬಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸುತ್ತಾಳೆ. ಅದು ಅವಳ ಚೀಟಿಯಲ್ಲ, ಅವಳ ಗೆಳತಿಯ ಅಕ್ಕನಿಗೆ ವೈದ್ಯರು ಬರೆದುಕೊಟ್ಟ ಚೀಟಿ. ಮೂರನೆಯವನು ಏನನ್ನೂ ತೋರಿಸುವುದಿಲ್ಲ. ಬೇರೆ ಗಿರಾಕಿಗಳು ಹೋಗುವವರೆಗೆ ಕಾದು ನಿಂತು, ಸಣ್ಣ ಸ್ವರದಲ್ಲಿ ಒಂದು ಹೆಸರು ಹೇಳುತ್ತಾನೆ. ಯಾರು ಹೇಳಿದರು ಎಂದು ಕೇಳಿದರೆ "ನೆಟ್ಟಿನಲ್ಲಿ ನೋಡಿದೆ" ಎನ್ನುತ್ತಾನೆ. ಈ ಮೂವರೂ ಬುದ್ಧಿವಂತರೇ, ಒಳ್ಳೆಯ ಅಂಕ ತೆಗೆಯುವವರೇ. ಆದರೆ ಆ ಮಾತ್ರೆಯೊಳಗೆ ಏನಿದೆ ಎಂದು ಕೇಳಿದರೆ ಮೂವರಿಗೂ ಗೊತ್ತಿರುವುದಿಲ್ಲ.

ನಾನು ಮೊದಲು ಒಂದು ಟ್ಯೂಬಿನ ಕಥೆ ಹೇಳಬೇಕು. 2016ರ ಆಸುಪಾಸು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಉಮ್ಮನ ಜೊತೆ ಬಂದಳು. ಮುಖದಲ್ಲಿ ನಾಲ್ಕಾರು ಮೊಡವೆ, ಸ್ವಲ್ಪ ಕಪ್ಪು ಕಲೆ. ಆ ವಯಸ್ಸಿನಲ್ಲಿ ಯಾರಿಗೆ ತಾನೇ ಇರುವುದಿಲ್ಲ? ಮನೆಯಲ್ಲಿ ಮದುವೆ ಇತ್ತು. ಯಾರೋ ಸಂಬಂಧಿಕರು ಒಂದು ಕ್ರೀಮಿನ ಹೆಸರು ಹೇಳಿದ್ದರು. ನಾನು ಕೊಟ್ಟೆ. ಹದಿನೈದು ದಿನದಲ್ಲಿ ಮುಖ ಬೆಳ್ಳಗೆ ನಯವಾಯಿತು. ಉಮ್ಮ ಅಂಗಡಿಗೆ ಬಂದು ನನಗೆ ಧನ್ಯವಾದ ಹೇಳಿದರು. ಆಮೇಲೆ ತಿಂಗಳಿಗೊಂದು ಟ್ಯೂಬು. ನಾನು ಕೊಡುತ್ತಲೇ ಹೋದೆ. ಎಷ್ಟು ಕಾಲ ಎಂದು ಒಮ್ಮೆಯೂ ಕೇಳಲಿಲ್ಲ. ಹುಡುಗಿ ಹತ್ತನೇ ತರಗತಿಯ ಅರ್ಧಕ್ಕೆ ಬಂದಾಗ ಬಿಸಿಲಿಗೆ ಹೋದರೆ ಮುಖ ಉರಿಯತೊಡಗಿತು. ಕೆನ್ನೆಯಲ್ಲಿ ಕೆಂಪು ನರಗಳು ದಾರದಂತೆ ಕಾಣತೊಡಗಿದವು. ಗದ್ದದಲ್ಲಿ ಕೂದಲು ಬಂತು. ಕ್ರೀಮು ನಿಲ್ಲಿಸಿದರೆ ಎರಡೇ ದಿನದಲ್ಲಿ ಮುಖ ತುಂಬಾ ಬೊಕ್ಕೆಗಳು ಏಳುತ್ತಿದ್ದವು, ಮತ್ತೆ ಹಚ್ಚಿದರೆ ಇಳಿಯುತ್ತಿದ್ದವು. ಹಾಗಾಗಿ ಬಿಡಲಿಕ್ಕೂ ಆಗಲಿಲ್ಲ. ಪರೀಕ್ಷೆಯ ವರ್ಷ ಆ ಮಗು ಒಂದೂವರೆ ತಿಂಗಳು ಶಾಲೆಗೆ ಹೋಗಲಿಲ್ಲ.

ಅವರು ಕೊನೆಗೆ ಮಂಗಳೂರಿನಲ್ಲಿ ಒಬ್ಬ ಚರ್ಮವೈದ್ಯರಲ್ಲಿಗೆ ಹೋದರು. ವೈದ್ಯರು ಟ್ಯೂಬನ್ನು ನೋಡಿ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿಸಿದರಂತೆ. ಅದರಲ್ಲಿ ಮೂರು ಮದ್ದುಗಳಿದ್ದವು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಎಂಬ ಸ್ಟಿರಾಯ್ಡ್. ಇದು ಸೌಂದರ್ಯ ಸಾಧನವಲ್ಲ. ಕೆಲವು ಬಗೆಯ ಕಪ್ಪು ಕಲೆಗಳಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಕೊಡುವ ಔಷಧಿ. ಸ್ಟಿರಾಯ್ಡ್ ಹಚ್ಚಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಸಂಕುಚಿತವಾಗುತ್ತವೆ, ಉರಿಯೂತ ಇಳಿಯುತ್ತದೆ. ಅದಕ್ಕೇ ಮೊದಮೊದಲು ಮುಖ ಬೆಳ್ಳಗೆ ಕಾಣುವುದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನಾಳಗಳು ಹಿಗ್ಗಿ ನಿಲ್ಲುತ್ತವೆ. ನಿಲ್ಲಿಸಿದೊಡನೆ ಅದುಮಿಟ್ಟ ಉರಿಯೂತವೆಲ್ಲ ಒಮ್ಮೆಗೇ ಮೇಲೆ ಬರುತ್ತದೆ. ಸ್ಟಿರಾಯ್ಡಿನಿಂದ ಹಾಳಾದ ಮುಖ ಎಂದು ಚರ್ಮವೈದ್ಯರು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಹೆಸರಿಡಬೇಕಾದಷ್ಟು ರೋಗಿಗಳು ನಮ್ಮ ದೇಶದಲ್ಲಿದ್ದಾರೆ ಎಂದಾಯಿತು.

ಆ ಹುಡುಗಿಗೆ ಗುಣವಾಯಿತು, ಆದರೆ ವರ್ಷಗಳೇ ಹಿಡಿದವು. ಅವಳ ಉಮ್ಮ ನನ್ನನ್ನು ಬೈಯಲಿಲ್ಲ. "ನಿಮಗೂ ಗೊತ್ತಿರಲಿಲ್ಲವಲ್ಲ ಕಾಕಾ" ಎಂದು ಅವರೇ ಸಮಾಧಾನ ಹೇಳಿದರು. ನನಗೆ ಗೊತ್ತಿತ್ತು. ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇದೆಯೆಂದು ಗೊತ್ತಿತ್ತು. ನಾನು ಕೊಡದಿದ್ದರೆ ಎದುರಿನ ಅಂಗಡಿಯವರು ಕೊಡುತ್ತಾರೆ ಎಂಬುದೂ ಗೊತ್ತಿತ್ತು. ಕಾನೂನು ಆಗ ಸಡಿಲವಾಗಿತ್ತು. ಚರ್ಮಕ್ಕೆ ಹಚ್ಚುವ ಔಷಧಿ ಎಂಬ ಕಾರಣಕ್ಕೆ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ಚೀಟಿಯ ನಿಯಮದಿಂದ ವಿನಾಯಿತಿ ಇತ್ತು. ಚರ್ಮವೈದ್ಯರು ವರ್ಷಗಟ್ಟಲೆ ಒತ್ತಾಯ ಮಾಡಿದ ಮೇಲೆ 2018ರಲ್ಲಿ ಸರಕಾರ ಅವುಗಳನ್ನು ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ಕಾನೂನಿನ ನೆಪ ಹೇಳಿ ನಾನು ತಪ್ಪಿಸಿಕೊಳ್ಳಲಾರೆ.

ಹುಡುಗರು ನಗುವುದು ಬೇಡ. ನಿಮ್ಮಲ್ಲೂ ಇದೇ ಟ್ಯೂಬಿನ ತಮ್ಮ ಒಬ್ಬನಿದ್ದಾನೆ. ತೊಡೆ ಸಂದಿಯಲ್ಲಿ ಗಜಕರ್ಣ ಎದ್ದು ತುರಿಸುತ್ತದೆ, ಮನೆಯಲ್ಲಿ ಹೇಳಲು ನಾಚಿಕೆ. ಅಂಗಡಿಗೆ ಬಂದು ತುರಿಕೆಯ ಮುಲಾಮು ಕೇಳುತ್ತೀರಿ. ಫಂಗಸ್ ಕೊಲ್ಲುವ ಮದ್ದು, ಬ್ಯಾಕ್ಟೀರಿಯಾ ಕೊಲ್ಲುವ ಮದ್ದು, ಸ್ಟಿರಾಯ್ಡ್ ಮೂರನ್ನೂ ಕಲಸಿದ ಮುಲಾಮು ಸಿಗುತ್ತದೆ. ಸ್ಟಿರಾಯ್ಡಿನಿಂದ ತುರಿಕೆ ಮರುದಿನವೇ ನಿಲ್ಲುತ್ತದೆ. ಆದರೆ ಅದೇ ಸ್ಟಿರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವುದರಿಂದ ಫಂಗಸ್ ಸದ್ದಿಲ್ಲದೆ ಹರಡುತ್ತದೆ. ನಾಲ್ಕು ವಾರದಲ್ಲಿ ಹೋಗಬೇಕಾದ ಗಜಕರ್ಣ ತಿಂಗಳುಗಟ್ಟಲೆ ಹೋಗುವುದಿಲ್ಲ. ಮನೆಯವರೆಲ್ಲ ಒಂದೇ ಟವೆಲಿನಲ್ಲಿ ಒರೆಸಿಕೊಂಡರೆ ಎಲ್ಲರಿಗೂ ಬರುತ್ತದೆ.

ಇನ್ನು ಜ್ವರದ ಮಾತ್ರೆಗೆ ಬರೋಣ. ಇದು ಎಲ್ಲರಿಗೂ ಗೊತ್ತಿರುವ ವಿಷಯ ಎಂದುಕೊಂಡಿದ್ದೀರಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್, ಪ್ಯಾನಡಾಲ್. ಇವು ನಾಲ್ಕು ಮದ್ದುಗಳೋ ಒಂದು ಮದ್ದೋ? ಒಂದೇ. ನಾಲ್ಕರಲ್ಲೂ ಇರುವುದು ಪ್ಯಾರಾಸಿಟಮಾಲ್. ಕಂಪೆನಿ ಬೇರೆ, ಹೆಸರು ಬೇರೆ, ಪ್ರಮಾಣದಲ್ಲಿ ಹೆಚ್ಚು ಕಡಿಮೆ. ನಮ್ಮ ಕರಾವಳಿಯ ಮನೆಗಳಲ್ಲಿ ಪ್ಯಾನಡಾಲ್ ಇಲ್ಲದ ಮನೆ ಕಡಿಮೆ. ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಕೋಡಾಲಿ ಎಣ್ಣೆ, ಹಾಲಿನ ಪುಡಿ, ಸಾಬೂನುಗಳ ನಡುವೆ ಅದೂ ಇರುತ್ತದೆ. ಅದು ಫಾರಿನ್ ಮದ್ದು, ಹೆಚ್ಚು ಪವರಿನದ್ದು ಎಂದು ನಮ್ಮ ಹೆಂಗಸರಿಗೆ ನಂಬಿಕೆ. ಫಾರಿನ್ ಎಂದ ಮಾತ್ರಕ್ಕೆ ಒಳಗಿನದ್ದು ಬದಲಾಗುವುದಿಲ್ಲ. ಅದರಲ್ಲೂ ಎಕ್ಸ್‌ಟ್ರಾ ಎಂದು ಬರೆದದ್ದರಲ್ಲಿ ಕೆಫೀನ್ ಸೇರಿದೆ. ನೈಟ್ ಎಂದು ಬರೆದದ್ದರಲ್ಲಿ ನಿದ್ದೆ ಬರಿಸುವ ಡೈಫೆನ್‌ಹೈಡ್ರಮೀನ್ ಸೇರಿದೆ. ಹಸಿರೋ ನೀಲಿಯೋ ಎಂದು ಬಣ್ಣ ನೋಡಿ ಕೊಡುವವರಿಗೆ ಇದು ತಿಳಿಯುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ, ಗಣಿತ ಮೇಷ್ಟ್ರ ಕ್ಷಮೆ ಕೇಳಿ. ಒಬ್ಬ ಹುಡುಗನಿಗೆ ಜ್ವರ ಮತ್ತು ಶೀತ. 650 ಮಿಲಿಗ್ರಾಮಿನ ಡೋಲೋ ದಿನಕ್ಕೆ ಮೂರು ಸಲ, ಅಲ್ಲಿಗೆ 1950. ಮೂಗು ಸೋರುವುದಕ್ಕೆ ಬೇರೆ ಶೀತದ ಮಾತ್ರೆ ಮೂರು ಸಲ. ಇಂಥ ಹೆಚ್ಚಿನ ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, 500ರಂತೆ ಹಿಡಿದರೆ 1500. ರಾತ್ರಿ ಮೈಕೈ ನೋವೆಂದು ಉಮ್ಮ ಕೊಟ್ಟ ಎರಡು ಪ್ಯಾನಡಾಲ್, 1000. ಒಟ್ಟು 4450. ದೊಡ್ಡವರಿಗೇ ಒಂದು ದಿನಕ್ಕೆ 4000 ಮಿಲಿಗ್ರಾಂ ಮೀರಬಾರದು. ಈ ಹುಡುಗನ ತೂಕ 42 ಕಿಲೋ ಎಂದಿಟ್ಟುಕೊಳ್ಳಿ. ಕಿಲೋಗೆ ಒಂದು ಸಲಕ್ಕೆ 15 ಮಿಲಿಗ್ರಾಮಿನಂತೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲದಂತೆ ಲೆಕ್ಕ ಹಾಕಿದರೆ ಅವನ ಮಿತಿ ಸುಮಾರು 2500. ಅವನು ಯಾವ ತಪ್ಪನ್ನೂ ಮಾಡಿಲ್ಲ, ಮೂರು ಬೇರೆ ಬೇರೆ ಮದ್ದು ತಿಂದೆ ಎಂದುಕೊಂಡಿದ್ದಾನೆ. ಆದರೆ ಅವನ ಪಿತ್ತಜನಕಾಂಗಕ್ಕೆ ಬಂದದ್ದು ಒಂದೇ ಮದ್ದು.

ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಹಾನಿಯಾಗುವುದು ಪಿತ್ತಜನಕಾಂಗಕ್ಕೆ, ನಾವು ಲಿವರ್ ಎನ್ನುವುದಕ್ಕೆ. ಇದರ ದೊಡ್ಡ ಮೋಸ ಏನೆಂದರೆ ಮೊದಲ ದಿನ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಸ್ವಲ್ಪ ವಾಕರಿಕೆ, ಸುಸ್ತು, ಅಷ್ಟೇ. ಲಿವರಿಗೆ ಪೆಟ್ಟು ಬಿದ್ದದ್ದು ಎರಡು ಮೂರು ದಿನದ ನಂತರ ತಿಳಿಯುತ್ತದೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧಿ ಇದೆ. ಅದನ್ನು ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದುದರಿಂದ ಯಾರಾದರೂ ಮಿತಿ ಮೀರಿ ನುಂಗಿದ್ದಾರೆಂದು ಗೊತ್ತಾದರೆ, ಅದು ತಿಳಿಯದೆ ಆದದ್ದಿರಲಿ, ಸಿಟ್ಟಿನಲ್ಲೋ ದುಃಖದಲ್ಲೋ ಮಾಡಿದ್ದಿರಲಿ, ಈಗ ಆರಾಮವಾಗಿದ್ದಾರಲ್ಲ ಎಂದು ಮನೆಯಲ್ಲಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಖಾಲಿ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ. ಮನಸ್ಸಿಗೆ ತಡೆಯಲಾರದಷ್ಟು ಕಷ್ಟವಾದಾಗ ಮಾತಾಡಲು 14416 ಎಂಬ ಸರಕಾರದ ಟೆಲಿ ಮಾನಸ್ ಸಂಖ್ಯೆ ಇದೆ, ದಿನದ ಯಾವ ಹೊತ್ತಿಗಾದರೂ ಕರೆ ಮಾಡಬಹುದು. ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾದರೂ ನಿಮ್ಮ ಬೆಂಚಿನಲ್ಲಿ ಕೂತವರಿಗೆ ಬೇಕಾಗಬಹುದು.

ಪ್ಯಾರಾಸಿಟಮಾಲನ್ನು ಇಷ್ಟು ಬೈದೆನೆಂದು ಅದನ್ನು ಬಿಟ್ಟು ನೋವಿನ ಮಾತ್ರೆಗೆ ಹೋಗಬೇಡಿ. ಸರಿಯಾದ ಪ್ರಮಾಣದಲ್ಲಿ ಅದರಷ್ಟು ನಿರಪಾಯದ ಮದ್ದು ಕಡಿಮೆ. ಮಳೆಗಾಲದಲ್ಲಿ ಜ್ವರ ಬಂದರೆ ಅದು ಡೆಂಗಿಯೋ ಇಲಿಜ್ವರವೋ ಬರೀ ಶೀತವೋ ಎಂದು ಮೊದಲ ದಿನ ಯಾರಿಗೂ ಹೇಳಲಾಗದು. ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಇಳಿಯುತ್ತವೆ. ಆಗ ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್, ಆಸ್ಪಿರಿನ್ ತೆಗೆದುಕೊಂಡರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಫ್ಲೂ, ಚಿಕನ್‌ಪಾಕ್ಸ್‌ನಂಥ ವೈರಸ್ ಜ್ವರದಲ್ಲಿ ಆಸ್ಪಿರಿನ್ ಕೊಡಲೇಬಾರದು. ಮೆದುಳು ಮತ್ತು ಲಿವರಿಗೆ ಹಾನಿ ಮಾಡುವ ರೈಸ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಗೂ ಅದಕ್ಕೂ ಸಂಬಂಧವಿದೆ. ಬೇಗ ಜ್ವರ ಬಿಡುತ್ತದೆಂದು ಕೆಲವರು ಕೇಳುವ ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು 2011ರಲ್ಲೇ ನಮ್ಮ ಸರಕಾರ ನಿಷೇಧಿಸಿದೆ. ಮನೆಯಲ್ಲಿ ತಮ್ಮ ತಂಗಿಯರಿಗೆ ಅದೇ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಅಣ್ಣಂದಿರು ಇದನ್ನು ನೆನಪಿಡಬೇಕು.

ಹುಡುಗಿಯರಿಗೆ ಒಂದು ಮಾತು. ಮುಟ್ಟಿನ ಹೊಟ್ಟೆನೋವಿಗೆ ನೀವು ಕೇಳುವ ಮಾತ್ರೆಯಲ್ಲಿ ಮೆಫೆನಾಮಿಕ್ ಆಮ್ಲ ಇರುತ್ತದೆ. ಅದು ಒಳ್ಳೆಯ ಮದ್ದೇ, ವೈದ್ಯರೂ ಬರೆಯುತ್ತಾರೆ. ಆದರೆ 2023ರ ನವೆಂಬರಿನಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಅದರ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಕೆಲವರಲ್ಲಿ ಅದು ತೀವ್ರ ಅಲರ್ಜಿ ಉಂಟುಮಾಡಬಹುದು. ಜ್ವರ ಬಂದು, ಮೈಮೇಲೆ ದದ್ದು ಎದ್ದು, ಒಳಗಿನ ಅಂಗಗಳಿಗೂ ತೊಂದರೆಯಾಗಬಹುದು. ಮಾತ್ರೆ ಶುರು ಮಾಡಿ ಕೆಲವು ವಾರಗಳ ನಂತರವೂ ಇದು ಕಾಣಿಸಿಕೊಳ್ಳಬಹುದಾದ್ದರಿಂದ ಮಾತ್ರೆಗೂ ದದ್ದಿಗೂ ಸಂಬಂಧವಿದೆಯೆಂದು ಮನೆಯವರಿಗೆ ಹೊಳೆಯುವುದಿಲ್ಲ. ಅಪರೂಪ, ಹೆದರಬೇಕಾಗಿಲ್ಲ. ಆದರೆ ಪ್ರತಿ ತಿಂಗಳೂ ಮಾತ್ರೆಯಿಲ್ಲದೆ ಎದ್ದು ನಿಲ್ಲಲಾಗದಷ್ಟು ನೋವಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು, ನನಗಲ್ಲ. ಹೆಣ್ಣಾದ ಮೇಲೆ ನೋವು ಸಹಜ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಎಲ್ಲ ನೋವೂ ಸಹಜವಲ್ಲ.

ರಮಳಾನ್ ತಿಂಗಳು ಬಂತೆಂದರೆ ನನ್ನ ಅಂಗಡಿಯಲ್ಲಿ ಬೇರೆಯೇ ಎರಡು ಬೇಡಿಕೆ. ಒಂದು, ಮುಟ್ಟು ಮುಂದೂಡುವ ಮಾತ್ರೆ. ಮೂವತ್ತು ಉಪವಾಸವನ್ನೂ ಒಂದೂ ಬಿಡದೆ ಮುಗಿಸಬೇಕೆಂಬ ಆಸೆ. ಬೇರೆ ಸಮುದಾಯದ ಹೆಣ್ಣುಮಕ್ಕಳು ಪೂಜೆ, ಜಾತ್ರೆ, ಮದುವೆಗೆ ಇದನ್ನೇ ಕೇಳುತ್ತಾರೆ. ಇದು ನೊರೆಥಿಸ್ಟಿರೋನ್ ಎಂಬ ಹಾರ್ಮೋನು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಲಿವರಿನ ಕಾಯಿಲೆ ಇದ್ದವರಿಗೆ, ಕೆಲವು ಬಗೆಯ ಅರೆತಲೆನೋವಿನವರಿಗೆ ಇದು ಅಪಾಯಕಾರಿ. ಹದಿನಾರರ ಹುಡುಗಿಗೆ ತನಗೆ ಅಂಥ ತೊಂದರೆ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಮುಟ್ಟಾದವರು ಆ ದಿನಗಳ ಉಪವಾಸವನ್ನು ನಂತರ ತೀರಿಸಬೇಕೆಂಬ ನಿಯಮ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಧರ್ಮವೇ ಕೊಟ್ಟ ರಿಯಾಯಿತಿಯನ್ನು ಬಿಟ್ಟು ಹಾರ್ಮೋನು ನುಂಗುವ ಅಗತ್ಯವೇನು ಎಂದು ನಾನು ಕೇಳಿದರೆ, "ಎಲ್ಲರೂ ತೆಗೆದುಕೊಳ್ಳುತ್ತಾರೆ" ಎಂಬುದೇ ಉತ್ತರ.

ಎರಡನೆಯದು, ತಲೆನೋವಿನ ಮಾತ್ರೆ. ಮಧ್ಯಾಹ್ನದ ತಲೆನೋವಿಗೆ ಹೆದರಿ ಸಹರಿಗೆ ಎದ್ದು ಎರಡು ನೋವಿನ ಮಾತ್ರೆ ಮುಂಗಡವಾಗಿ ನುಂಗುವವರಿದ್ದಾರೆ. ಆಮೇಲೆ ದಿನವಿಡೀ ನೀರಿಲ್ಲ. ನೋವಿನ ಮಾತ್ರೆಗಳು ಜಠರದ ಒಳಪೊರೆಯನ್ನೂ ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನೂ ಕಾಪಾಡುವ ರಾಸಾಯನಿಕವನ್ನು ತಡೆಯುತ್ತವೆ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಮೂತ್ರಪಿಂಡಕ್ಕೆ ಅದರ ಪೆಟ್ಟು ಹೆಚ್ಚು. ಮೊಡವೆಗೆ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್ ತೆಗೆದುಕೊಳ್ಳುವ ಹುಡುಗನೊಬ್ಬ ಬಾಂಗ್ ಆಗುವ ಒಂದು ನಿಮಿಷ ಮುಂಚೆ ಒಂದೇ ಗುಟುಕು ನೀರಿನಲ್ಲಿ ಅದನ್ನು ನುಂಗಿ ಮತ್ತೆ ಮಲಗಿಬಿಟ್ಟಿದ್ದ. ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣಾಗಿ ಮೂರು ದಿನ ಎಂಜಲು ನುಂಗಲೂ ಕಷ್ಟಪಟ್ಟ. ಅದನ್ನು ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆಯಾದರೂ ಕೂತಿರಬೇಕು. ಚೀಟಿ ತಂದಿದ್ದರೆ ವೈದ್ಯರೋ ನಾನೋ ಇದನ್ನು ಹೇಳುತ್ತಿದ್ದೆವು. ಅವನು ಆನ್‌ಲೈನಿನಲ್ಲಿ ತರಿಸಿದ್ದ.

ಈಗ ಆ್ಯಂಟಿಬಯಾಟಿಕ್. ನೆಗಡಿ ಮತ್ತು ಹೆಚ್ಚಿನ ಗಂಟಲುನೋವು ವೈರಸ್ಸಿನಿಂದ ಬರುವಂಥದ್ದು, ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಇದು ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆಯುತ್ತೀರಿ. ಸಂಜೆ ಅಂಗಡಿಗೆ ಬಂದು "ಕಾಕಾ, ಮೂರು ಅಜಿತ್ರೋಮೈಸಿನ್" ಎನ್ನುತ್ತೀರಿ! ಮೂರು ದಿನದಲ್ಲಿ ನೆಗಡಿ ತಾನಾಗಿ ಇಳಿಯುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಹೀಗೆ ಈ ನಂಬಿಕೆ ಬೆಳೆದಿದೆ.

ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ 1945ರಲ್ಲಿ ನೊಬೆಲ್ ಬಂತು. ಆ ಸಂದರ್ಭದ ಭಾಷಣದಲ್ಲಿ ಅವರು ಒಂದು ಕಲ್ಪನೆಯ ಉದಾಹರಣೆ ಕೊಟ್ಟರು. ಒಬ್ಬ ಮನುಷ್ಯ ಗಂಟಲುನೋವಿಗೆ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಅಷ್ಟರಿಂದ ರೋಗಾಣು ಸಾಯುವುದಿಲ್ಲ, ಮದ್ದನ್ನು ಎದುರಿಸಲು ಕಲಿಯುತ್ತದೆ. ಆ ಕಲಿತ ರೋಗಾಣು ಅವನಿಂದ ಹೆಂಡತಿಗೆ ಹರಡುತ್ತದೆ. ಅವಳಿಗೆ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೊಟ್ಟರೂ ಉಪಯೋಗವಾಗದೆ ಆಕೆ ಸಾಯುತ್ತಾಳೆ. ಮದ್ದು ಕಂಡುಹಿಡಿದವನೇ ಅದು ಅಂಗಡಿಯಲ್ಲಿ ಕೈಗೆ ಸಿಗುವ ಕಾಲದ ಬಗ್ಗೆ ಹೆದರಿದ್ದ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ಒಂದು ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನ ಲೆಕ್ಕ ಹಾಕಿದೆ. ಫ್ಲೆಮಿಂಗ್ ಹೇಳಿದ ಆ ಹೆಂಡತಿ ಈಗ ಒಬ್ಬಳಲ್ಲ.

ಮತ್ತೊಂದು ಅಪಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿಂಗಳುಗಟ್ಟಲೆ ಕೆಮ್ಮುತ್ತಿದ್ದ ಪಿಯುಸಿ ಹುಡುಗ ನನ್ನಿಂದಲೂ ಬೇರೆ ಅಂಗಡಿಗಳಿಂದಲೂ ಬಗೆಬಗೆಯ ಆ್ಯಂಟಿಬಯಾಟಿಕ್ ಒಯ್ದಿದ್ದ. ಲೆವೊಫ್ಲಾಕ್ಸಾಸಿನ್‌ನಂಥ ಕೆಲವು ಮದ್ದುಗಳು ಕ್ಷಯದ ರೋಗಾಣುವನ್ನೂ ಸ್ವಲ್ಪ ಅದುಮುತ್ತವೆ. ಅದರಿಂದ ಕೆಲವು ದಿನ ಕೆಮ್ಮು ಕಡಿಮೆಯಾಗುತ್ತದೆ, ರೋಗ ಪತ್ತೆಯಾಗುವುದು ತಡವಾಗುತ್ತದೆ. ಕೊನೆಗೆ ಕಫ ಪರೀಕ್ಷೆಯಲ್ಲಿ ಕ್ಷಯವೆಂದು ತಿಳಿಯುವಾಗ ಮನೆಯ ಅಜ್ಜಿಗೂ ಅಂಟಿತ್ತು. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯದ ಮದ್ದೂ ಉಚಿತ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಎಂಬ ಪಟ್ಟಿ ಇದೆ. ಅದರಲ್ಲಿರುವುದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸಾಲದೆಂದು 2014ರ ಮಾರ್ಚಿನಿಂದ ಶೆಡ್ಯೂಲ್ ಎಚ್1 ಜಾರಿಗೆ ಬಂತು. ಅದರಲ್ಲಿರುವ ಆ್ಯಂಟಿಬಯಾಟಿಕ್, ಕ್ಷಯದ ಔಷಧಿ, ನಿದ್ದೆ ಮತ್ತು ಚಟ ಹಿಡಿಸುವ ಮಾತ್ರೆಗಳನ್ನು ಮಾರುವಾಗ ರೋಗಿಯ ಹೆಸರು, ವೈದ್ಯರ ಹೆಸರು, ಪ್ರಮಾಣ ಇವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ ಅದು ಚೀಟಿಯಿಲ್ಲದೆ ಮುಟ್ಟಬಾರದ ಮದ್ದು. ನಮ್ಮ ನೆರೆಯ ಕೇರಳದಲ್ಲಿ 2024ರಲ್ಲಿ ಆಪರೇಷನ್ ಅಮೃತ್ ಎಂಬ ಹೆಸರಿನಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಮಾರುವ ಅಂಗಡಿಗಳ ಮೇಲೆ ತಪಾಸಣೆ ಶುರುವಾಯಿತು. ಗಡಿಯ ಆಚೆ ಸಿಗದ ಮದ್ದನ್ನು ಹುಡುಕಿಕೊಂಡು ಈಚೆ ಬರುವವರೂ ಇದ್ದಾರೆ ಎಂದು ನಮ್ಮ ವ್ಯಾಪಾರದವರು ನಗುತ್ತಾ ಹೇಳುವುದುಂಟು. ನನಗೆ ಅದರಲ್ಲಿ ನಗು ಬರುವುದಿಲ್ಲ.

ಪರೀಕ್ಷೆಯ ಸಮಯದ ಮಾತ್ರೆಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಎದೆ ಡವಗುಟ್ಟುವುದನ್ನು ನಿಲ್ಲಿಸಲು ಪ್ರೊಪ್ರನೊಲಾಲ್ ಕೇಳುವ ನೀಟ್ ಅಭ್ಯರ್ಥಿಗಳು ಇದ್ದಾರೆ. ಅದು ರಕ್ತದೊತ್ತಡ ಮತ್ತು ಹೃದಯದ ಮದ್ದು. ಉಬ್ಬಸ ಇರುವವರು ಅದನ್ನು ನುಂಗಿದರೆ ಉಸಿರಾಟವೇ ಕಷ್ಟವಾಗಬಹುದು. ರಾತ್ರಿ ಎಚ್ಚರವಿರಲು ಒಂದು, ಮಲಗಲು ಇನ್ನೊಂದು ಎಂದು ಶುರುವಾದರೆ ಅದಕ್ಕೆ ಕೊನೆಯಿಲ್ಲ. ಕೆಮ್ಮಿಲ್ಲದವರು ಕೆಮ್ಮಿನ ಸಿರಪ್ಪಿನ ಬಾಟಲಿ ಕೇಳುವುದು ಏಕೆಂದು ನನಗೂ ಗೊತ್ತು, ನಿಮಗೂ ಗೊತ್ತು. ಅದರಲ್ಲಿ ಕೋಡೀನ್ ಇದ್ದರೆ ಅದು ಅಫೀಮಿನ ಕುಲದ್ದು. ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ತರಲಾಗಿದೆ. ಮುಂದೆ ಕೆಲಸಕ್ಕೆ ಗಲ್ಫಿಗೆ ಹೋಗುವ ಹುಡುಗರು ಇದನ್ನು ವಿಶೇಷವಾಗಿ ಕೇಳಿಸಿಕೊಳ್ಳಿ. ಕೋಡೀನ್, ಟ್ರಮಡಾಲ್ ಇವು ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಿಯಂತ್ರಿತ ಔಷಧಿಗಳು. ಪೂರ್ವಾನುಮತಿ ಇಲ್ಲದೆ ಸೂಟ್‌ಕೇಸಿನಲ್ಲಿ ಒಯ್ದರೆ ವಿಮಾನ ನಿಲ್ದಾಣದಿಂದ ನೇರ ಪೊಲೀಸರಲ್ಲಿಗೆ ಹೋಗಬೇಕಾದೀತು. ಊರಿನವರು ಅಲ್ಲಿರುವ ಸಂಬಂಧಿಕರಿಗೆಂದು ಕೊಡುವ ಮದ್ದಿನ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ.

ದಪ್ಪವಾಗುವ ಮಾತ್ರೆಯ ಬಗ್ಗೆಯೂ ಒಂದು ಮಾತು. ಸಪೂರ ಇರುವ ಹುಡುಗಿಯರಿಗೆ ಮದುವೆಗೆ ಮುಂಚೆ ಕೊಡಿಸುತ್ತಾರೆ, ಹುಡುಗರು ಜಿಮ್ಮಿಗೆಂದು ಕೇಳುತ್ತಾರೆ. ಹೆಚ್ಚಾಗಿ ಅದು ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡಿನ್, ತೂಕಡಿಕೆ ತರುವಂಥದ್ದು. ಅದರ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನೂ ಕೊಡುವವರಿದ್ದಾರೆ. ಮುಖ ಚಂದ್ರನಂತೆ ದುಂಡಗಾಗುತ್ತದೆ, ನೀರು ತುಂಬಿ ತೂಕ ಏರುತ್ತದೆ. ಒಳಗೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಬಹಳ ದಿನ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ದೇಹ ತಾನೇ ತಯಾರಿಸಬೇಕಾದ ಸ್ಟಿರಾಯ್ಡ್ ಇಲ್ಲದೆ ಕುಸಿದು ಬೀಳಬಹುದು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಯಾರಾದರೂ ಇಲ್ಲಿದ್ದರೆ ಇಂದೇ ಬಿಸಾಡಬೇಡಿ. ವೈದ್ಯರಿಗೆ ಹೇಳಿ, ಅವರು ಹಂತಹಂತವಾಗಿ ಇಳಿಸುತ್ತಾರೆ.

ಹಾಗಾದರೆ ಸಣ್ಣಪುಟ್ಟದ್ದಕ್ಕೂ ವೈದ್ಯರಲ್ಲಿಗೆ ಓಡಬೇಕೆ? ನಾನು ಹಾಗೆ ಹೇಳಲಾರೆ. ವೈದ್ಯರ ಫೀಸು, ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಇವೆಲ್ಲ ಸೇರಿಯೇ ಜನ ನನ್ನ ಕೌಂಟರಿಗೆ ಬರುವುದು. ಅದನ್ನು ಮರೆತು ಉಪದೇಶ ಮಾಡುವುದು ಸುಲಭ. ನೆಗಡಿಗೆ ಬಿಸಿನೀರಿನ ಹಬೆ, ವಿಶ್ರಾಂತಿ ಸಾಕು. ಒಂದೆರಡು ದಿನದ ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಭೇದಿಗೆ ಓಆರ್‌ಎಸ್ ಇದೆ. ಅದರಲ್ಲೂ ಒಂದು ಎಚ್ಚರ ಬೇಕು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಬೇಕು, ಒಂದು ಲೋಟಕ್ಕೆ ಒಂದು ಚಮಚ ಎಂದು ಅಂದಾಜಿನಲ್ಲಿ ಹಾಕಿದರೆ ಉಪ್ಪು ಹೆಚ್ಚು ಕಡಿಮೆಯಾಗುತ್ತದೆ. ಹಣ್ಣಿನ ರಸದಂಥ ಸಿಹಿ ಪೊಟ್ಟಣಗಳ ಮೇಲೂ ಓಆರ್‌ಎಸ್ ಎಂದು ಬರೆದು ಮಾರುತ್ತಿದ್ದರು, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ ಅದನ್ನು ತಡೆಯಿತು. ಮೂರು ದಿನ ಮೀರಿದ ಜ್ವರ, ಮೈಮೇಲೆ ದದ್ದು, ಉಸಿರಾಟದ ಕಷ್ಟ, ರಕ್ತ ಬಿದ್ದದ್ದು, ಮಂಪರು ಇವುಗಳಲ್ಲಿ ಯಾವುದಿದ್ದರೂ ನನ್ನಲ್ಲಿಗೆ ಬರಬೇಡಿ, ಆಸ್ಪತ್ರೆಗೆ ಹೋಗಿ.

ಮದ್ದು ಕೊಳ್ಳುವಾಗ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರು ಮತ್ತು ತಾರೀಕು ಇದೆಯೇ ನೋಡಿ. ನಾವು ಕತ್ತರಿಯಿಂದ ಎರಡು ಮಾತ್ರೆ ಕತ್ತರಿಸಿಕೊಡುವಾಗ ಅವಧಿ ಮುಗಿಯುವ ದಿನ ಬರೆದ ಭಾಗ ಎಷ್ಟೋ ಸಲ ನಮ್ಮಲ್ಲೇ ಉಳಿಯುತ್ತದೆ. ಕೇಳಿದರೆ ತೋರಿಸಲೇಬೇಕು. ಬಿಲ್ ಕೇಳಿ. ಬ್ರ್ಯಾಂಡಿನ ದೊಡ್ಡ ಅಕ್ಷರ ಬಿಟ್ಟು ಅದರ ಕೆಳಗೆ ಸಣ್ಣದಾಗಿ ಬರೆದ ಮದ್ದಿನ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಮದ್ದಿನಿಂದ ತೊಂದರೆಯಾದರೆ ವರದಿ ಮಾಡಲು 1800-180-3024 ಎಂಬ ಉಚಿತ ಸಂಖ್ಯೆ ಇದೆ. ವೈದ್ಯರೇ ಕರೆಯಬೇಕೆಂದಿಲ್ಲ, ನೀವೂ ಕರೆಯಬಹುದು.

ಆ ಟ್ಯೂಬಿನ ಹುಡುಗಿಯ ವಿಷಯ ಅರ್ಧಕ್ಕೆ ಬಿಟ್ಟೆ. ಅವಳು ಆ ವರ್ಷ ಪಾಸಾದಳು, ನಿರೀಕ್ಷಿಸಿದಷ್ಟು ಅಂಕ ಬರಲಿಲ್ಲ. ಈಗ ನರ್ಸಿಂಗ್ ಮುಗಿಸಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಅಂಗಡಿಗೆ ಬಂದಿದ್ದಳು, ತಂಗಿಯ ಜೊತೆ. ತಂಗಿಯ ಮುಖದಲ್ಲೂ ಮೊಡವೆ. ನಾನು ಏನು ಹೇಳುತ್ತೇನೋ ಎಂದು ಅವಳು ಸುಮ್ಮನೆ ನಿಂತು ನೋಡುತ್ತಿದ್ದಳು. ನಾನು ಚರ್ಮವೈದ್ಯರ ಹೆಸರು ಬರೆದುಕೊಟ್ಟೆ. "ಹಾಗೇ ಮಾಡುತ್ತೇವೆ ಕಾಕಾ" ಎಂದು ಚೀಟಿ ತೆಗೆದುಕೊಂಡು ಹೋದಳು.

ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಸಂಘದ ಕಚೇರಿಯಲ್ಲಿ ಇರುತ್ತೇನೆ. ನಿಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೋ ಕಪಾಟಿನೊಳಗೋ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಮದ್ದುಗಳಿರುತ್ತವೆ. ಅಜ್ಜಿಯ ಬಿಪಿ ಮಾತ್ರೆ, ಯಾರದೋ ಮಿಕ್ಕ ಆ್ಯಂಟಿಬಯಾಟಿಕ್, ಗಲ್ಫಿನ ಮಾತ್ರೆ ಎಲ್ಲ. ಉಮ್ಮನನ್ನು ಕೇಳಿ ಆ ಡಬ್ಬಿಯನ್ನು ಹಾಗೆಯೇ ತನ್ನಿ. ಯಾವುದು ಇಡುವುದು, ಯಾವುದು ಬಿಡುವುದು ಎಂದು ಕೂತು ನೋಡೋಣ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆ ಇದ್ದವರು ಈಗ ಕೇಳಬಹುದು. ಎಲ್ಲರ ಮುಂದೆ ಕೇಳಲು ಸಂಕೋಚವಿದ್ದರೆ ಚೀಟಿಯಲ್ಲಿ ಬರೆದು ಕಳುಹಿಸಿ, ಹೆಸರು ಬರೆಯಬೇಡಿ.